ಮೂರಡಿ ಎತ್ತರದಿಂದ ಕಾಣುವ ಕೋಣೆ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಊರುಗಳಲ್ಲಿ ಈಗ ಕಟ್ಟುತ್ತಿರುವ ಮನೆಗಳ ನಕ್ಷೆ ಬಿಡಿಸಿದರೆ ಹಿಂದೆ ಕಾಣದಿದ್ದ ಒಂದು ಚೌಕ ಕಾಣುತ್ತದೆ. ಹಾಲ್‌ನ ಪಕ್ಕವೋ ಮಹಡಿಯ ಮೇಲೋ ಹತ್ತಡಿಗೆ ಹತ್ತಡಿ ಗುರುತು ಹಾಕಿ ‘ಮಕ್ಕಳ ರೂಮು’ ಎಂದು ಬರೆದಿರುತ್ತಾರೆ. ಬೆಂಗಳೂರಿನ ಜೀವನ್ ಭೀಮಾ ನಗರದ ಮಗ್ಗುಲಿನ ತಿಪ್ಪಸಂದ್ರದ ಮಾತಲ್ಲ ಇದು. ರಾಗಿ ಹೊಲ, ಮಾವಿನ ತೋಪು, ಹಿಪ್ಪುನೇರಳೆ ತೋಟಗಳ ನಡುವಿನ ತಿಪ್ಪಸಂದ್ರದ್ದು. ಇಲ್ಲಿಂದ ಬೆಂಗಳೂರಿಗೋ ಬಿಡದಿಯ ಕಾರ್ಖಾನೆಗಳಿಗೋ ಕೆಲಸಕ್ಕೆ ಹೋಗಿಬರುವ ಅಪ್ಪ ಅಮ್ಮಂದಿರು ಮೊಬೈಲಿನಲ್ಲಿ ಮಕ್ಕಳ ಕೋಣೆಯ ಚಿತ್ರಗಳನ್ನು ನೋಡಿಟ್ಟುಕೊಂಡು, ನಮಗೂ ಹೀಗೇ ಬೇಕು ಎಂದು ಮೇಸ್ತ್ರಿಗೂ ಪೇಂಟರ್‌ಗೂ ತೋರಿಸುತ್ತಾರೆ. ಆ ಆಸೆ ಒಳ್ಳೆಯದು. ಮನೆ ಕಟ್ಟುವಾಗ ಮಗುವಿಗೆಂದೇ ಒಂದು ಜಾಗ ತೆಗೆದಿಡಬೇಕು ಎಂದು ಅನ್ನಿಸುವುದೇ ದೊಡ್ಡ ಬದಲಾವಣೆ.

ಆದರೆ ಆ ಚಿತ್ರಗಳಲ್ಲಿ ಬಹುಪಾಲನ್ನು ತೆಗೆದಿರುವುದು ಐದೂವರೆ ಅಡಿ ಎತ್ತರದ ದೊಡ್ಡವರು, ಬಾಗಿಲ ಬಳಿ ನಿಂತು. ಮೂರು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ ಮೂರಡಿ. ಆ ಮಗು ಕೋಣೆಯಲ್ಲಿ ನಿಲ್ಲುವುದಕ್ಕಿಂತ ನೆಲದ ಮೇಲೆ ಕೂರುವುದು, ಮಲಗುವುದು, ತೆವಳುವುದೇ ಜಾಸ್ತಿ. ಗಾರೆ ಕೆಲಸ ಮುಗಿದ ಖಾಲಿ ಕೋಣೆಯಲ್ಲಿ ಒಮ್ಮೆ ನೆಲಕ್ಕೆ ಕೂತು ಸುತ್ತ ನೋಡಬೇಕು. ಕಿಟಕಿಯಿಂದ ಬರೀ ಆಕಾಶ ಕಾಣುತ್ತದೆ, ತೆಂಗಿನ ಮರದ ಬುಡ ಕಾಣುವುದಿಲ್ಲ. ಸಜ್ಜೆ ಎಲ್ಲೋ ಮೇಲೆ. ಕಣ್ಣಿನ ಮಟ್ಟದಲ್ಲಿ ಸಿಗುವುದು ಬೋಳು ಗೋಡೆ, ಪ್ಲಗ್ ಪಾಯಿಂಟು, ಬೀರುವಿನ ಕಾಲು. ಸಾವಿರಾರು ರೂಪಾಯಿ ಕೊಟ್ಟು ಅಂಟಿಸುವ ಸ್ಟಿಕ್ಕರ್, ಫಾಲ್ಸ್ ಸೀಲಿಂಗಿನ ಚಂದ್ರ ನಕ್ಷತ್ರ ಎಲ್ಲವೂ ದೊಡ್ಡವರ ಕಣ್ಣಿನ ನೇರಕ್ಕೋ ಅದಕ್ಕೂ ಮೇಲಕ್ಕೋ ಹೋಗಿಬಿಡುತ್ತವೆ. ಆಟದ ಕೋಣೆಯ ಅಲಂಕಾರಕ್ಕೆ ಕೈ ಹಾಕುವವರು ಮೊದಲು ತೀರ್ಮಾನಿಸಬೇಕಾದದ್ದು ಬಣ್ಣವನ್ನಲ್ಲ, ಎತ್ತರವನ್ನು. ಎತ್ತರ ತೀರ್ಮಾನವಾದರೆ ಉಳಿದದ್ದಕ್ಕೆ ಬೇಕಾದ ಸಾಮಾನು ತಿಪ್ಪಸಂದ್ರದಿಂದ ಚನ್ನಪಟ್ಟಣದವರೆಗಿನ ದಾರಿಯಲ್ಲೇ ಸಿಗುತ್ತದೆ. ಈ ಸೀಮೆಯಷ್ಟು ಅನುಕೂಲ ಬೇರೆ ಕಡೆ ಇರುವುದು ಕಡಿಮೆ.

ಈಗಿನ ಫ್ಯಾಷನ್ ಏನು ಎಂಬುದನ್ನು ಮೊದಲು ನೋಡೋಣ. ಹೆಣ್ಣುಮಗುವಿಗೆ ಗುಲಾಬಿ, ಗಂಡುಮಗುವಿಗೆ ನೀಲಿ, ಗೋಡೆ ತುಂಬ ಕಾರ್ಟೂನು, ಕಾರಿನ ಆಕಾರದ ಮಂಚ ಎಂಬ ಕಾಲ ಹಿಂದಾಯಿತು. ಈಗ ಒಳಾಂಗಣ ವಿನ್ಯಾಸಕರು ಕೇಳುವುದು ಮಣ್ಣಿನ ಬಣ್ಣ, ಗೋಧಿ ಬಣ್ಣ, ಮಾಸಲು ಹಸಿರು. ಥಳಥಳಿಸುವ ಪೇಂಟಿನ ಬದಲು ಸುಣ್ಣ ಬಳಿದಂತೆ ಮೋಡಮೋಡವಾಗಿ ಕಾಣುವ ಗೋಡೆ, ಅದರ ಕೆಳ ಅರ್ಧಕ್ಕೆ ಒಂದು ಬಣ್ಣ ಮೇಲರ್ಧಕ್ಕೆ ಇನ್ನೊಂದು. ಕಮಾನಿನ ಗೂಡು. ಬೆತ್ತ, ಬಿದಿರು, ಬಣ್ಣ ಹಚ್ಚದ ಮರದ ಮೈ. ಬಾಗಿಲಿಲ್ಲದ ಗಿಡ್ಡ ಕಪಾಟು, ನೆಲಕ್ಕೆ ತಾಗಿದ ಹಾಸಿಗೆ, ಓದಲು ಒಂದು ಮೂಲೆ, ಗೀಚಲು ಒಂದು ಗೋಡೆ. ಇವುಗಳಲ್ಲಿ ಹಲವಕ್ಕೆ ಬೇರು ಮಾರಿಯಾ ಮಾಂಟೆಸ್ಸೊರಿಯವರಲ್ಲಿದೆ. ಅವರು 1907ರ ಜನವರಿ 6ರಂದು ರೋಮ್ ನಗರದ ಬಡವರ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದು, ಮಕ್ಕಳ ಅಳತೆಗೇ ಮೇಜು ಕುರ್ಚಿ ಕಪಾಟು ಮಾಡಿಸಿದವರು. 1939ರಲ್ಲಿ ಭಾರತಕ್ಕೆ ಬಂದು ಯುದ್ಧದ ವರ್ಷಗಳನ್ನೆಲ್ಲ ಇಲ್ಲೇ, ಮದರಾಸಿನ ಅಡ್ಯಾರ್ ಮತ್ತು ಕೊಡೈಕೆನಾಲ್‌ನಲ್ಲಿ ಕಳೆದು, ನಮ್ಮ ಶಿಕ್ಷಕರಿಗೆ ಪಾಠ ಹೇಳಿದರು.

ಉಳಿದವು ನಮ್ಮ ಹಳೇ ಮನೆಗಳಲ್ಲೇ ಇದ್ದವು. ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣು, ಮೇಲೆ ಸುಣ್ಣ. ಅಂಗಳದ ಕೆಸರು, ಮಕ್ಕಳ ಕೈಗುರುತು ಕೆಮ್ಮಣ್ಣಿನ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ಪಡಸಾಲೆಯ ದಪ್ಪ ಗೋಡೆಯಲ್ಲಿ ದೀಪಕ್ಕೆ, ಪುಸ್ತಕಕ್ಕೆ, ಎಲೆಅಡಿಕೆ ಚೀಲಕ್ಕೆ ಗೂಡುಗಳಿದ್ದವು. ನೆಲ ಚಪ್ಪಡಿಯದೋ ಕೆಂಪು ಆಕ್ಸೈಡಿನದೋ ಆಗಿರುತ್ತಿತ್ತು. ಅರ್ಧ ಗೋಡೆಗೆ ಬೇರೆ ಬಣ್ಣ ಹಚ್ಚುವ ಇಂದಿನ ಶೈಲಿಯಲ್ಲಿ ನನಗೆ ಬಹಳ ಇಷ್ಟವಾಗುವುದು ಇದೇ: ಮಗುವಿನ ಎತ್ತರದ ಗೋಡೆಯನ್ನು ಅದು ಬೇರೆಯಾಗಿ ಗುರುತಿಸುತ್ತದೆ. ಮೂರಡಿಯಿಂದ ಮೂರೂವರೆ ಅಡಿಯವರೆಗೆ ಇಟ್ಟಿಗೆ ಕೆಂಪೋ ಎಲೆ ಹಸಿರೋ, ಅದರ ಮೇಲೆ ಬಿಳಿ. ಮಗುವಿನದು ಕೆಳಗಿನ ಪಟ್ಟಿ.

ಸುಣ್ಣದ ವಿಷಯದಲ್ಲಿ ಎರಡು ಎಚ್ಚರಿಕೆ ಬೇಕು. ಅಂಗಡಿಯಲ್ಲಿ ‘ಲೈಮ್‌ವಾಶ್’ ಹೆಸರಿನ ದುಬಾರಿ ಡಬ್ಬಿಗಳು ಬಂದಿವೆ. ಅರಳಿಸಿದ ಸುಣ್ಣಕ್ಕೆ ಸ್ವಲ್ಪ ಅಂಟು, ಕೆಮ್ಮಣ್ಣೋ ಹಳದಿ ಆಕ್ಸೈಡೋ ಬೆರೆಸಿ ಅಡ್ಡಾದಿಡ್ಡಿ ಬ್ರಷ್ ಆಡಿಸುವುದನ್ನು ಬಲ್ಲ ಹಳಬರು ಇನ್ನೂ ಇದ್ದಾರೆ, ಅವರಿಂದಲೇ ಮಾಡಿಸಬಹುದು. ಆದರೆ ಪುಟ್ಟಿ ಹಾಕಿ ಎಮಲ್ಷನ್ ಹೊಡೆದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಚಕ್ಕೆಯಾಗಿ ಉದುರುತ್ತದೆ. ಬರೀ ಸಿಮೆಂಟ್ ಗಾರೆಯ ಮೇಲೆ ಮಾತ್ರ ಸರಿ. ಹಸಿ ಸುಣ್ಣ ಕಣ್ಣು ಚರ್ಮಗಳನ್ನು ಸುಡುತ್ತದೆ, ಆದ್ದರಿಂದ ಗೋಡೆ ಪೂರ್ತಿ ಒಣಗುವವರೆಗೆ ಮಕ್ಕಳನ್ನು ಆ ಕಡೆ ಬಿಡಬಾರದು. ಡಬ್ಬಿಯ ಪೇಂಟೇ ಬೇಕೆನ್ನುವವರು ಸೀಸದ ಪ್ರಮಾಣ ನೋಡಬೇಕು. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತು, 2017ರ ನವೆಂಬರ್ 1ರಿಂದ ಅದು ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿ, ತೊಟ್ಟಿಲುಗಳ ಮೇಲೆ ಪದರ ಪದರವಾಗಿ ಕೂತಿರುವ ಎನಾಮಲ್‌ನಲ್ಲಿ ಸೀಸ ಇರುವ ಸಂಭವ ಹೆಚ್ಚು. ಅಜ್ಜನ ಕಾಲದ ತೊಟ್ಟಿಲನ್ನು ಉಪ್ಪುಕಾಗದ ಹಿಡಿದು ಉಜ್ಜುವ ಕೆಲಸವನ್ನು ಮನೆಯ ಹೊರಗೆ, ಮಕ್ಕಳೂ ಬಸುರಿಯರೂ ಇಲ್ಲದ ಕಡೆ ಮಾಡಿಸಬೇಕು. ಸೀಸದ ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ, ಆದ ಹಾನಿ ಮತ್ತೆ ಸರಿಹೋಗುವುದಿಲ್ಲ.

ಗೋಡೆಯ ಮೇಲೆ ಎಷ್ಟು ಇರಬೇಕು ಎನ್ನುವುದು ಮುಂದಿನ ಪ್ರಶ್ನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 24 ಪುಟ್ಟ ಮಕ್ಕಳಿಗೆ ಕೆಲವು ಪಾಠಗಳನ್ನು ಚಿತ್ರ, ಚಾರ್ಟು, ತೋರಣಗಳಿಂದ ತುಂಬಿದ ಕೋಣೆಯಲ್ಲೂ ಕೆಲವನ್ನು ಬೋಳು ಗೋಡೆಯ ಕೋಣೆಯಲ್ಲೂ ಹೇಳಿಕೊಟ್ಟರು. ತುಂಬಿದ ಕೋಣೆಯಲ್ಲಿ ಮಕ್ಕಳ ಗಮನ ಹೆಚ್ಚು ಚೆದುರಿತು, ಕಲಿತದ್ದೂ ಕಡಿಮೆಯಾಯಿತು. ಅದು ಶಾಲೆಯ ಮಾತು, ಆಟದ ಕೋಣೆ ಬೇರೆ ಎನ್ನಬಹುದು. ಆದರೆ ಆಟವೂ ಗಮನ ಬೇಡುವ ಕೆಲಸವೇ. ನಾಲ್ಕೂ ಗೋಡೆಗೆ ಅಕ್ಷರಮಾಲೆ, ಪ್ರಾಣಿ, ಹಣ್ಣು, ಗ್ರಹಗಳ ಚಾರ್ಟು ಅಂಟಿಸುವ ಅಪ್ಪ ಅಮ್ಮಂದಿರ ಕಾಳಜಿ ನಿಜವಾದದ್ದೇ. ಅಷ್ಟಾದರೂ ಒಂದು ಗೋಡೆಗೆ ಒಂದೇ ಸಂಗತಿ ಸಾಕು, ಒಂದು ಗೋಡೆ ಪೂರ್ತಿ ಖಾಲಿಯೇ ಇರಲಿ.

ಮಗು ತಾನೇ ತುಂಬುವ ಗೋಡೆಯಂತೂ ಬೇಕೇ ಬೇಕು. ಅದಕ್ಕೆ ಮಾದರಿ ಹುಡುಕಿ ಎಲ್ಲೂ ಹೋಗಬೇಕಿಲ್ಲ, ಊರಿನ ಸರ್ಕಾರಿ ಶಾಲೆಯ ಒಂದನೇ ಎರಡನೇ ತರಗತಿಯ ನಲಿ-ಕಲಿ ಕೋಣೆ ನೋಡಿಬಂದರೆ ಸಾಕು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಯುನಿಸೆಫ್ ನೆರವಿನಿಂದ ಶುರುಮಾಡಿದ ಪದ್ಧತಿ ಅದು; 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಆ ಕೋಣೆಯಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಗೋಡೆಯ ಬುಡದುದ್ದಕ್ಕೂ ಕರಿ ಹಲಗೆಯ ಪಟ್ಟಿ, ಕೂತಲ್ಲೇ ಬರೆಯುವಷ್ಟು ಕೆಳಗೆ. ತಲೆಯ ಮೇಲೆ ಹಗ್ಗಗಳ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರ, ಕತ್ತರಿಸಿದ ಕಾಗದ. ಕೈಗೆಟುಕುವ ಕಡೆ ಕಲಿಕಾ ಸಾಮಗ್ರಿಯ ತಟ್ಟೆಗಳು. ದುಬಾರಿ ವಿನ್ಯಾಸಕರು ಇಂದು ಆಟದ ಕೋಣೆಗೆ ಸೂಚಿಸುವ ಮುಖ್ಯ ಅಂಶಗಳು ನಮ್ಮ ರೈತರ, ಕೂಲಿಯವರ ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಸಿಕ್ಕಿವೆ. ಅದನ್ನು ರೂಪಿಸಿದ ಪ್ರಾಥಮಿಕ ಶಾಲೆಯ ಮೇಷ್ಟ್ರು ಮೇಡಮ್ಮುಗಳಿಗೆ ಒಳಾಂಗಣ ವಿನ್ಯಾಸದ ಪುಸ್ತಕಗಳಲ್ಲಿ ಜಾಗ ಸಿಗಬೇಕು ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

ಮನೆಯಲ್ಲಿ ಇದನ್ನು ಮಾಡುವುದು ಸುಲಭ. ಅಡುಗೆಮನೆಯ ಸ್ಲ್ಯಾಬಿಗೆಂದು ತಂದ ಕಡಪ ಕಲ್ಲಿನಲ್ಲಿ ಉಳಿದ ಒಂದು ಹಾಳೆಯನ್ನು, ಪಾಲಿಷ್ ಇಲ್ಲದ ಮೈ ಹೊರಗೆ ಬರುವಂತೆ, ನೆಲದ ಪಟ್ಟಿಯ ಮೇಲಿಂದಲೇ ಗೋಡೆಗೆ ಕೂರಿಸಬೇಕು. ಎರಡೂವರೆ ಅಡಿ ಎತ್ತರ, ಐದಾರು ಅಡಿ ಉದ್ದ ಇದ್ದರೆ ಇಬ್ಬರು ಮಕ್ಕಳು ಜಗಳವಿಲ್ಲದೆ ಬರೆಯಬಹುದು. ‘ಅಣ್ಣ, ಇಷ್ಟು ಕೆಳಗೆ ಹಾಕುದ್ರೆ ಯಾರಿಗ್ ಕಾಣ್ತದೆ?’ ಎಂದು ಮೇಸ್ತ್ರಿ ಕೇಳಿಯೇ ಕೇಳುತ್ತಾರೆ. ‘ಪಾಪುಗೆ ಕಾಣ್ತದೆ ಮೇಸ್ತ್ರಿ, ನಮಗ್ಯಾಕೆ?’ ಎಂದರಾಯಿತು. ಬ್ಲ್ಯಾಕ್‌ಬೋರ್ಡ್ ಪೇಂಟ್ ಎರಡು ಮೂರು ವರ್ಷಕ್ಕೆ ಬಿಳಚಿಕೊಂಡು ಮತ್ತೆ ಹೊಡೆಸಬೇಕಾಗುತ್ತದೆ, ಕಲ್ಲಿಗೆ ಆ ತಾಪತ್ರಯವಿಲ್ಲ. ಸೀಮೆಸುಣ್ಣದ ಪುಡಿ ಹಾರದಂತೆ ಒದ್ದೆ ಬಟ್ಟೆಯಲ್ಲಿ ಒರೆಸುವುದನ್ನು ಮಗುವಿಗೇ ಕಲಿಸಬೇಕು, ಆ ಕೆಲಸವನ್ನು ಮಕ್ಕಳು ಆಟದಷ್ಟೇ ಖುಷಿಯಿಂದ ಮಾಡುತ್ತಾರೆ.

ಮಕ್ಕಳ ಚಿತ್ರಗಳನ್ನು ತೂಗುಹಾಕಲು ಈ ಸೀಮೆಯಲ್ಲಿ ಇನ್ನೊಂದು ಚಂದದ ವಸ್ತುವಿದೆ: ಚಂದ್ರಿಕೆ. ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುತ್ತಿ ನಿಲ್ಲಿಸಿರುತ್ತಾರೆ, ಹಣ್ಣಾದ ಹುಳು ಆ ಸುರುಳಿಯ ಸಂದಿನಲ್ಲಿ ಗೂಡು ಕಟ್ಟುತ್ತದೆ. ಈಗ ಹಲವು ಸಾಕಣೆ ಮನೆಗಳಿಗೆ ಅದೇ ಕೆಲಸಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ, ಚಂದ್ರಿಕೆಗಳು ಅಟ್ಟ ಸೇರಿವೆ. ಬಿದಿರಿನ ಹೆಣಿಗೆಯನ್ನು ಗೋಡೆಗೆ ಹಾಕುವುದು ಇವತ್ತಿನ ಫ್ಯಾಷನ್ನೂ ಹೌದು. ಅರ್ಧ ಅಳತೆಯ ಚಂದ್ರಿಕೆಯೊಂದನ್ನು ಮಗುವಿನ ಕೈಗೆಟುಕುವಂತೆ ಅಡ್ಡಲಾಗಿ ಗೋಡೆಗೆ ಬಿಗಿದರೆ, ಸುರುಳಿಯ ಸಂದಿನಲ್ಲಿ ಕಾಗದ, ನವಿಲುಗರಿ, ಒಣಗಿದ ಎಲೆ, ಕ್ರೇಯಾನ್ ಏನು ಬೇಕಾದರೂ ಸಿಕ್ಕಿಸಬಹುದು. ಪಿನ್ನು ಮೊಳೆಗಳ ಅಪಾಯವಿಲ್ಲ. ಆದರೆ ಹುಳು ಸಾಕಿದ ಹಳೇ ಚಂದ್ರಿಕೆಯನ್ನು ನೇರವಾಗಿ ತಂದು ಹಾಕಬಾರದು. ರೋಗ ಬಾರದಂತೆ ಅದಕ್ಕೆ ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಸಿಂಪಡಿಸಿರುತ್ತಾರೆ, ಬಿದಿರು ಅದನ್ನು ಹೀರಿಕೊಂಡಿರುತ್ತದೆ. ಮೇದರ ಬಳಿ ಹೊಸದನ್ನೇ ಹೆಣೆಸಿ, ಸಿಬಿರು ಏಳದಂತೆ ಅಂಚುಗಳನ್ನು ಉಜ್ಜಿಸಿ ತರುವುದು ಮೇಲು. ಅವರಿಗೂ ಒಂದು ಹೊಸ ಗಿರಾಕಿ ಸಿಕ್ಕಂತಾಯಿತು.

ಕಪಾಟಿನ ಮಾತಿಗೆ ಬರೋಣ. ಎರಡು ಅಥವಾ ಎರಡೂವರೆ ಅಡಿ ಎತ್ತರ, ಒಂದಡಿ ಆಳ, ಎರಡೇ ಹಲಗೆ, ಬಾಗಿಲಿಲ್ಲ. ಮಗು ಯಾರನ್ನೂ ಕರೆಯದೆ ಆಟಿಕೆ ತೆಗೆದುಕೊಳ್ಳಬೇಕು, ತಾನೇ ತಿರುಗಿ ಇಡಬೇಕು. ಇದನ್ನು ಪೇಟೆಯಿಂದ ಪೊಟ್ಟಣದಲ್ಲಿ ತರಿಸಿ ಜೋಡಿಸುವ ಬದಲು ಊರಿನ ಆಚಾರ್ರ ಹತ್ತಿರ ಹಲಸಿನ ಹಲಗೆಯಲ್ಲೋ ಸಿಲ್ವರ್ ಓಕ್‌ನಲ್ಲೋ ಮಾಡಿಸಬಹುದು. ಮೂಲೆಗಳನ್ನು ದುಂಡಗೆ ಉಜ್ಜಿಸಿ, ಗೋಡೆಗೆ ಎಲ್ ಪಟ್ಟಿ ಹಾಕಿ ಬಿಗಿಸುವುದನ್ನು ಮರೆಯಬಾರದು. ಎಂಡಿಎಫ್, ಅಗ್ಗದ ಪ್ಲೈವುಡ್‌ಗಳ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಹೊಸದರಲ್ಲಿ ಕಣ್ಣು ಮೂಗು ಉರಿಯುವಷ್ಟು ಹೊರಬರುತ್ತದೆ. ಅವನ್ನೇ ಬಳಸುವುದಾದರೆ ಕಡಿಮೆ ಹೊರಸೂಸುವ ಇ-0 ಅಥವಾ ಇ-1 ದರ್ಜೆ ಕೇಳಿ ತರಬೇಕು, ಕೆಲಸ ಮುಗಿದ ಮೇಲೆ ಕೆಲವು ವಾರ ಕಿಟಕಿ ತೆರೆದಿಟ್ಟು ಆಮೇಲೆ ಮಗುವನ್ನು ಬಿಡಬೇಕು.

ಆ ಕಪಾಟಿನಲ್ಲಿ ಎಷ್ಟು ಆಟಿಕೆ? ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 36 ಎಳೆಯ ಮಕ್ಕಳಿಗೆ ಒಮ್ಮೆ ನಾಲ್ಕು ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಹುಟ್ಟುಹಬ್ಬ, ನಾಮಕರಣ, ಜಾತ್ರೆ ಎಂದು ಬಂಧುಗಳು ತಂದುಕೊಡುವ ಆಟಿಕೆಗಳು ಮನೆಯಲ್ಲಿ ರಾಶಿ ಬೀಳುತ್ತವೆ, ಕೊಟ್ಟವರ ಮನಸ್ಸಿಗೆ ನೋವಾಗದಂತೆ ನಿಭಾಯಿಸುವುದೂ ಮುಖ್ಯ. ಆರೇಳನ್ನು ಮಾತ್ರ ಹೊರಗಿಟ್ಟು ಉಳಿದದ್ದನ್ನು ಅಟ್ಟಕ್ಕೆ ಹಾಕಿ, ಹದಿನೈದು ದಿನಕ್ಕೊಮ್ಮೆ ಅದಲು ಬದಲು ಮಾಡಿದರೆ ಹಳೆಯದೇ ಹೊಸದಾಗಿ ಸಿಗುತ್ತದೆ. ಸೋದರಮಾವ ಮನೆಗೆ ಬರುವ ದಿನ ಅವನು ಕೊಟ್ಟ ಲಾರಿ ಕೆಳಗಿಳಿಯಲಿ.

ಇನ್ನು ಚನ್ನಪಟ್ಟಣ. ರಾಮನಗರ ದಾಟಿದರೆ ಗೊಂಬೆ ಅಂಗಡಿಗಳ ಸಾಲು ಶುರುವಾಗುತ್ತದೆ. ಮರದ ಗೊಂಬೆ ಮಾಡುವ ಈ ಕಸುಬಿಗೆ ಟಿಪ್ಪುವಿನ ಆಶ್ರಯವಿತ್ತು ಎಂಬ ಮಾತು ಪ್ರಚಲಿತ, ಜಪಾನಿನ ತಂತ್ರ ಕಲಿತು ಬಂದು ಹೇಳಿಕೊಟ್ಟ ಬಾವಾಸ್ ಮಿಯಾನ್ ಅವರನ್ನು ಊರಿನವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. 2005-06ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆದರೆ ಆಟದ ಕೋಣೆ ಮಾಡುವವರು ಅಂಗಡಿಯ ಮುಂಭಾಗದಿಂದಲೇ ತಿರುಗಿ ಬರದೆ, ಯಾವುದಾದರೂ ಕಾರ್ಖಾನೆಯೊಳಗೆ ಹೊಕ್ಕು ಬಣ್ಣ ಹಚ್ಚುವುದನ್ನು ನಿಂತು ನೋಡಬೇಕು.

ಮರ ಸಾಮಾನ್ಯವಾಗಿ ಆಲೆಮರ. ಹಗುರ, ಬಿಳುಪು, ಒತ್ತಾದ ಎಳೆ. ತುಂಡು ಮಾಡಿ ತಿಂಗಳುಗಟ್ಟಲೆ ಒಣಗಿಸಿದ್ದನ್ನು ಲೇತಿಗೆ ಸಿಕ್ಕಿಸುತ್ತಾರೆ. ಅದು ಗಿರ್ರನೆ ತಿರುಗುವಾಗ ಉಳಿ ತಾಗಿದ ಕಡೆಯೆಲ್ಲ ಬಿಳಿ ಹೊಟ್ಟು ಸುರುಳಿಯಾಗಿ ಹಾರಿ ಕೆಲಸದವರ ಮೊಣಕಾಲಿನ ಮೇಲೆ ಬೀಳುತ್ತದೆ. ಆಕಾರ ಬಂದ ಮೇಲೆ ಬಣ್ಣ. ಇಲ್ಲಿ ಬ್ರಷ್ಷೂ ಇಲ್ಲ, ಪೇಂಟಿನ ಡಬ್ಬಿಯೂ ಇಲ್ಲ. ಅರಗಿಗೆ ಬಣ್ಣ ಬೆರೆಸಿ, ಕಾಯಿಸಿ, ನಾದಿ ಮಾಡಿಟ್ಟ ಗಟ್ಟಿ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ, ಅರೆಗಳಿಗೆಯಲ್ಲಿ ಮರದ ಸುತ್ತ ಹಳದಿಯ ಉಂಗುರ ಏಳುತ್ತದೆ. ಪಕ್ಕಕ್ಕೆ ಕೆಂಪು ಕಡ್ಡಿ ಹಿಡಿದರೆ ಇನ್ನೊಂದು ಉಂಗುರ. ಕೊನೆಗೆ ಒಣ ತಾಳೆಗರಿಯನ್ನು ಮಡಚಿ ಒತ್ತಿದಾಗ ಮಂಕಾಗಿದ್ದ ಬಣ್ಣ ಒಮ್ಮೆಲೇ ಕನ್ನಡಿಯಂತೆ ಹೊಳೆಯುತ್ತದೆ. ಅರಗು ಎಂಬುದು ಮರದ ಕೊಂಬೆಗಳ ಮೇಲೆ ಪುಟ್ಟ ಕೀಟವೊಂದು ಸ್ರವಿಸುವ ಅಂಟು, ಹೆಚ್ಚಾಗಿ ಜಾರ್ಖಂಡ್, ಛತ್ತೀಸಗಡದ ಕಾಡುಗಳಿಂದ ಬರುತ್ತದೆ. ಅದಕ್ಕೆ ಅರಿಸಿನ, ನೀಲಿಯಂಥ ಸಸ್ಯಮೂಲದ ಬಣ್ಣ ಸೇರಿಸಿದ ಆಟಿಕೆಯನ್ನು ಹಲ್ಲು ಬರುವ ಮಗು ಬಾಯಿಗಿಟ್ಟರೂ ಗಾಬರಿಯಾಗಬೇಕಿಲ್ಲ. ಎಲ್ಲ ಕಾರ್ಖಾನೆಯಲ್ಲೂ ಸಸ್ಯಮೂಲದ ಬಣ್ಣವನ್ನೇ ಬಳಸುತ್ತಾರೆ ಎಂದೇನಿಲ್ಲ. ಕೇಳಿ ತಿಳಿದು, ಪೇಂಟಿನ ವಾಸನೆ ಬಂದರೆ ಕೆಳಗಿಟ್ಟು ಬರಬೇಕು.

ಕೊಳ್ಳುವವರಿಗೆ ಗೊಂದಲ ಹುಟ್ಟಿಸುವ ಒಂದು ಸಂಗತಿ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ಹಾಗಾಗಿ ಆ ಗುರುತು ಇಲ್ಲವೆಂಬ ಒಂದೇ ಕಾರಣಕ್ಕೆ ಚನ್ನಪಟ್ಟಣದ ಬುಗುರಿ ಕಳಪೆಯಾಗುವುದಿಲ್ಲ. ಪ್ಲಾಸ್ಟಿಕ್ ಆಟಿಕೆಯಲ್ಲಿ ಮಾತ್ರ ಗುರುತು ನೋಡದೆ ಕೊಳ್ಳಬಾರದು. ಮನೆಗೆ ತಂದ ಮೇಲೆ ಅರಗಿನ ಆಟಿಕೆಯನ್ನು ಸ್ಯಾನಿಟೈಸರ್ ಹಾಕಿ ಒರೆಸುವ ತಪ್ಪು ಮಾಡಬೇಡಿ: ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ, ಬಣ್ಣವೆಲ್ಲ ಬಟ್ಟೆಗೆ ಬರುತ್ತದೆ. ಬಿಸಿನೀರು, ಕಾರಿನ ಗಾಜಿನ ಹಿಂದಿನ ಬಿಸಿಲು ಎರಡೂ ಅದನ್ನು ಮೆತ್ತಗಾಗಿಸುತ್ತವೆ. ಸ್ವಲ್ಪವೇ ತೇವ ಮಾಡಿದ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಆಟಿಕೆಗಿಂತ ಹೆಚ್ಚಾಗಿ ಅಲಂಕಾರಕ್ಕೆ ಚನ್ನಪಟ್ಟಣದವರು ಮಾಡಿಕೊಡಬಲ್ಲದ್ದು ಬಹಳ ಇದೆ, ಜನರಿಗೆ ಅದರ ಅರಿವೇ ಕಡಿಮೆ. ಡ್ರಾಯರಿನ ಹಿಡಿಗಳು, ಪರದೆಯ ಉಂಗುರಗಳು, ಬಟ್ಟೆ ಚೀಲ ನೇತುಹಾಕುವ ಗೂಟಗಳು, ಮಣಿಸರದ ಪರದೆ, ದೀಪದ ಕಂಬ. ಊರಿನ ಆಚಾರ್ರು ಮಾಡಿದ ಸರಳ ಹಲಸಿನ ಕಪಾಟಿನ ಬದಿಗೆ ಕೆಂಪು ಹಳದಿ ಉಂಗುರಗಳ ಎರಡು ಗೂಟ ಹಾಕಿದರೆ ಸಾಕು. ಗೋಡೆ, ನೆಲ, ಮರ ಎಲ್ಲವೂ ಮಣ್ಣಿನ ಬಣ್ಣದಲ್ಲಿದ್ದಾಗ ಆ ಒಂದೆರಡು ಕಡೆಯ ಗಾಢ ಬಣ್ಣ ಎದ್ದು ಕಾಣುತ್ತದೆ. ಮಸುಕು ಬಣ್ಣದ ಕೋಣೆಗಳು ದೊಡ್ಡವರಿಗೆ ಹಿತ, ಮಕ್ಕಳಿಗೆ ಸಪ್ಪೆ ಎಂಬ ಆಕ್ಷೇಪಕ್ಕೆ ನನಗೆ ಗೊತ್ತಿರುವ ಒಳ್ಳೆಯ ಪರಿಹಾರ ಇದು. ಗೂಟಗಳನ್ನು ಎರಡೂವರೆ ಅಡಿಯಿಂದ ಮೂರಡಿ ಎತ್ತರಕ್ಕೆ ಹೊಡೆಸಿದರೆ ಶಾಲೆಯ ಬ್ಯಾಗು, ಟೋಪಿ ನೆಲ ಬಿಟ್ಟು ಮೇಲೇರುತ್ತವೆ.

ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಓಡುವ ಮಕ್ಕಳಿಗೆ ಒಳ್ಳೆಯದಲ್ಲ, ನೀರು ಬಿದ್ದರೆ ಜಾರುತ್ತದೆ. ಕೆಂಪು ಆಕ್ಸೈಡ್ ನೆಲ ನಗರಗಳಲ್ಲೂ ಮತ್ತೆ ಬೇಡಿಕೆಗೆ ಬಂದಿದೆ. ಅದನ್ನು ಉಜ್ಜಿ ಹೊಳಪು ತರಬಲ್ಲ ಗಾರೆಯವರು ಹೋಬಳಿಯಲ್ಲಿ ಯಾರಾದರೂ ಇದ್ದರೆ ಅವರನ್ನು ಕರೆಸಬೇಕು. ನೆಲ ಹಸಿಯಿರುವಾಗಲೇ ಒಂದು ಮೂಲೆಯಲ್ಲಿ ಚೌಕಾಬಾರದ ಮನೆಗಳನ್ನು, ಐದಕ್ಕೆ ಐದು, ಬೇರೆ ಬಣ್ಣದ ಆಕ್ಸೈಡಿನಲ್ಲಿ ಬರೆಸಿಬಿಡಬಹುದು. ಹಳೇ ದೇವಸ್ಥಾನಗಳ ಜಗಲಿ ಕಲ್ಲಿನ ಮೇಲೆ ಯಾರೋ ಕೆತ್ತಿಟ್ಟ ಇಂಥ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜವೇ ದಾಳ. ಮೂರು ವರ್ಷದೊಳಗಿನ ಕೂಸು ಮನೆಯಲ್ಲಿದ್ದರೆ ಮಾತ್ರ ಬೀಜ, ಕವಡೆ, ಮಣಿಗಳನ್ನು ಎತ್ತಿಡಬೇಕು. ಆಟಿಕೆ ಪರೀಕ್ಷಿಸುವವರು 31.7 ಮಿಲಿಮೀಟರ್ ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಆ ವಯಸ್ಸಿಗೆ ಸಲ್ಲದು. ಹಳೇ ಕ್ಯಾಮೆರಾ ರೀಲಿನ ಡಬ್ಬಿ ಮನೆಯಲ್ಲಿದ್ದರೆ ಸುಮಾರು ಅದೇ ಅಳತೆ.

ಅಪಾಯಗಳಲ್ಲಿ ಮೊದಲನೆಯದು ಕೋಣೆಯ ಹೊರಗಿದೆ. ನಮ್ಮ ಕಡೆ ಬಹುತೇಕ ಹೊಸ ಮನೆಗಳ ಅಂಗಳದಲ್ಲೋ ಪೋರ್ಟಿಕೊದಲ್ಲೋ ಸಂಪು ಇರುತ್ತದೆ. ಕಟ್ಟಡ ಕೆಲಸ ನಡೆಯುವಷ್ಟು ದಿನ ಅದಕ್ಕೆ ಹಲಗೆಯೋ ತಗಡೋ ಮುಚ್ಚಿರುತ್ತಾರೆ. ತೆರೆದ ಸಂಪಿಗೆ ಮಕ್ಕಳು ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತದೆ, ಪ್ರತಿ ಸಲವೂ ಕರುಳು ಕಿವುಚುತ್ತದೆ. ಕೋಣೆಗೆ ಬಣ್ಣ ಆರಿಸುವ ಮೊದಲು ಸಂಪಿಗೆ ಬೀಗ ಹಾಕುವ ಕಬ್ಬಿಣದ ಮುಚ್ಚಳ ಬರಲಿ, ಆಟದ ಕೋಣೆಯ ಬಾಗಿಲು ಆ ಕಡೆಗೆ ತೆರೆಯದಿರಲಿ. ಹುಳು ಸಾಕುವ ಮನೆಯಾದರೆ ಔಷಧಿಯ ಕ್ಯಾನುಗಳಿಗೆ ಬೇರೆ ಬೀಗ. ಕೋಣೆಯೊಳಗೆ ಭಾರದ ಬೀರು, ಡ್ರಾಯರುಗಳ ಪೆಟ್ಟಿಗೆ ಯಾವುದೂ ಗೋಡೆಗೆ ಬಿಗಿಯದೆ ನಿಲ್ಲಬಾರದು. ಮಕ್ಕಳು ಡ್ರಾಯರುಗಳನ್ನೇ ಮೆಟ್ಟಿಲಾಗಿಸಿ ಹತ್ತುತ್ತಾರೆ, ಬೀರು ಮೈಮೇಲೆ ಬೀಳುತ್ತದೆ. ಇದೇ ಕಾರಣಕ್ಕೆ 2016ರಲ್ಲಿ ಐಕಿಯಾ ಕಂಪನಿ ಅಮೆರಿಕದಲ್ಲಿ 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಟಿವಿಯನ್ನು ಈ ಕೋಣೆಗೆ ತರುವುದು ಬೇಡ. ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ನಮ್ಮ ದೇಶದ ಮಕ್ಕಳ ವೈದ್ಯರ ಸಂಘದ ಸಲಹೆ.

ಪ್ರತ್ಯೇಕ ಕೋಣೆ ಎಲ್ಲರಿಗೂ ಆಗುವ ಮಾತಲ್ಲ. ಆರಡಿಗೆ ನಾಲ್ಕಡಿಯ ಮೂಲೆ, ಒಂದು ಈಚಲು ಚಾಪೆ, ಗಿಡ್ಡ ಹಲಗೆ, ಗೋಡೆಗೊಂದು ಕಲ್ಲಿನ ಸ್ಲೇಟು ಇದ್ದರೂ ಈ ಲೇಖನದಲ್ಲಿ ಹೇಳಿದ ಮುಕ್ಕಾಲು ಪಾಲು ಆದಂತೆ. ಹಾಗೆಯೇ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಬಂದಿವೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಪಂಚಾಯಿತಿಗಳಲ್ಲಿ ಇವನ್ನು ತೆರೆಯುವುದಾಗಿ ರಾಜ್ಯ ಸರ್ಕಾರ 2023-24ರಲ್ಲಿ ಘೋಷಿಸಿತು. ಅಂಗನವಾಡಿಗಳಂತೂ 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಶುರುವಾದಾಗಿನಿಂದ ನಮ್ಮ ಜೊತೆಗಿವೆ. ದೆಹಲಿಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಅವರ ‘ವಿನ್ಯಾಸ್’ ಸಂಸ್ಥೆ ರೂಪಿಸಿದ ‘ಬಾಲಾ’ ಎಂಬ ಕ್ರಮ ಇಂಥ ಕಟ್ಟಡಗಳಿಗೆ ಹೇಳಿ ಮಾಡಿಸಿದಂತಿದೆ: ಬಾಗಿಲು ತೆರೆದಾಗ ಆಗುವ ಕೋನಗಳನ್ನು ನೆಲದ ಮೇಲೆ ಬರೆಯುವುದು, ಕಿಟಕಿಯ ಸರಳುಗಳನ್ನೇ ಆಕಾರ ಕಲಿಸುವ ಹಾಗೆ ಬಗ್ಗಿಸುವುದು, ಮೆಟ್ಟಿಲಿಗೆ ಅಂಕಿ. ಮನೆಯ ಆಟದ ಕೋಣೆಗೆ ಕಲ್ಲು, ಬಣ್ಣ, ಹಲಗೆ ತರಿಸಿದಾಗ ಉಳಿದದ್ದನ್ನು ಊರಿನ ಕೂಸಿನ ಮನೆಗೋ ಅಂಗನವಾಡಿಗೋ ಕೊಟ್ಟು, ಅದೇ ಮೇಸ್ತ್ರಿಯಿಂದ ಒಂದು ದಿನದ ಕೆಲಸ ಮಾಡಿಸಿದರೆ ಇಪ್ಪತ್ತು ಮಕ್ಕಳಿಗೆ ಗೋಡೆಯ ಸ್ಲೇಟು ಸಿಗುತ್ತದೆ.

ಫ್ಯಾಷನ್ನಿನ ಚಿತ್ರಗಳಲ್ಲಿ ನಾನು ಎಂದೂ ಕಾಣದ ಒಂದು ಸಾಮಾನನ್ನು ಪಟ್ಟಿಗೆ ಸೇರಿಸಬೇಕು. ಹಳ್ಳಿಮನೆಯಲ್ಲಿ ಮಗುವಿನ ಜೊತೆ ಹಗಲೆಲ್ಲ ಇರುವವರು ಅಜ್ಜಿ ಅಥವಾ ತಾತ. ಅವರಿಗೆ ಮಂಡಿ ನೋವು, ನೆಲಕ್ಕೆ ಕೂತರೆ ಏಳಲಾಗದು. ಮಗುವಿನ ಅಳತೆಯ ಹತ್ತಿಂಚಿನ ಕುರ್ಚಿಯಲ್ಲಿ ಕೂರಲೂ ಆಗದು. ಕಿಟಕಿಯ ಪಕ್ಕ, ಗಾಳಿ ಬೆಳಕು ಬೀಳುವ ಕಡೆ, ಕೈಯೂರಿ ಏಳಲು ಗಟ್ಟಿ ತೋಳುಗಳಿರುವ ಹದಿನೆಂಟು ಇಂಚು ಎತ್ತರದ ಒಂದು ಕುರ್ಚಿ ಹಾಕಿಸಿ, ಅದರ ಬದಿಗೆ ಕನ್ನಡಕ ನೀರಿನ ಲೋಟ ಇಡಲು ಒಂದು ಚಿಕ್ಕ ಹಲಗೆ ಹೊಡೆಸಿ. ಆಚಾರ್ರು ಕಪಾಟಿನ ಅಳತೆ ತೆಗೆಯಲು ಬಂದ ದಿನವೇ ಇದನ್ನೂ ಹೇಳಿಬಿಡಿ.